ಅಜ್ಜಿಯ ಕೋಳಿ ಮತ್ತು ಯುರೋಪಿನ ಗಡಿಯಾರ

ಜರ್ಮನಿಯ ಒಂದು ಆಸ್ಪತ್ರೆಯಲ್ಲಿ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ, ನಡುರಾತ್ರಿ ಕಳೆದ ಮೇಲೆ ಅವಳಿ ಗಂಡುಮಕ್ಕಳು ಹುಟ್ಟಿದವೆನ್ನಿ. ಮೊದಲನೆಯದು ಹುಟ್ಟಿದಾಗ ಗೋಡೆಯ ಗಡಿಯಾರದಲ್ಲಿ 2 ಗಂಟೆ 50 ನಿಮಿಷ. ಸರಿಯಾಗಿ ಇಪ್ಪತ್ತು ನಿಮಿಷ ಬಿಟ್ಟು ಎರಡನೆಯದು ಹುಟ್ಟಿತು. ಆಗ ಗಡಿಯಾರದಲ್ಲಿ 2 ಗಂಟೆ 10 ನಿಮಿಷ! ಹಿಂದೆ ಹುಟ್ಟಿದವನು ಮುಂದೆ ಹುಟ್ಟಿದವನಿಗಿಂತ ನಲವತ್ತು ನಿಮಿಷ ದೊಡ್ಡವನಾದ. ಅಣ್ಣ ಯಾರು, ತಮ್ಮ ಯಾರು?

ಇದರಲ್ಲಿ ಮಾಟವೂ ಇಲ್ಲ, ಮಂತ್ರವೂ ಇಲ್ಲ. ಆ ರಾತ್ರಿ ಮೂರು ಗಂಟೆ ಹೊಡೆಯುವ ಹೊತ್ತಿಗೆ ಅಲ್ಲಿನ ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಹಾಗಾಗಿ ಎರಡರಿಂದ ಮೂರರವರೆಗಿನ ಒಂದು ಗಂಟೆ ಎರಡೆರಡು ಸಲ ಬರುತ್ತದೆ. ರಾತ್ರಿ ರೈಲುಗಳು ವೇಳಾಪಟ್ಟಿಗೆ ಸರಿಹೊಂದಲು ಯಾವುದೋ ನಿಲ್ದಾಣದಲ್ಲಿ ಒಂದು ಗಂಟೆ ಸುಮ್ಮನೆ ನಿಂತುಬಿಡುತ್ತವೆ. ಹುಟ್ಟು-ಸಾವಿನ ಲೆಕ್ಕ ಕೆಡಬಾರದೆಂದು ಜರ್ಮನರು ಮೊದಲ ಬಾರಿ ಬರುವ ಗಂಟೆಗೆ ‘2 ಎ’ ಎಂದೂ ಎರಡನೇ ಬಾರಿ ಬರುವುದಕ್ಕೆ ‘2 ಬಿ’ ಎಂದೂ ಹೆಸರಿಟ್ಟಿದ್ದಾರೆ. ಅವಳಿಗಳ ಜಗಳ ಅಲ್ಲಿಗೆ ತೀರಿತು. ಮಾರ್ಚ್ ತಿಂಗಳ ಕೊನೆಯ ಭಾನುವಾರ ಇದರ ಉಲ್ಟಾ. ಎರಡು ಗಂಟೆಯಾದೊಡನೆ ಗಡಿಯಾರ ನೇರವಾಗಿ ಮೂರಕ್ಕೆ ಜಿಗಿಯುತ್ತದೆ. ಆ ರಾತ್ರಿ ಎಲ್ಲರ ನಿದ್ದೆಯಲ್ಲೂ ಒಂದು ಗಂಟೆ ಖೋತಾ.

ವರ್ಷಕ್ಕೆ ಎರಡು ಸಲ ನಡೆಯುವ ಈ ತಿರುಗಿಸಾಟವನ್ನು ನಿಲ್ಲಿಸಿಬಿಡೋಣವೆಂದು ಯುರೋಪು, ಅಮೆರಿಕ ಎರಡೂ ಕಡೆ ವರ್ಷಗಳಿಂದ ವಾದ ನಡೆದಿದೆ. ವಿಚಿತ್ರವೆಂದರೆ ನಿಲ್ಲಿಸಬೇಕೆಂಬ ಬಗ್ಗೆ ಹೆಚ್ಚಿನವರಿಗೆ ಭಿನ್ನಾಭಿಪ್ರಾಯವಿಲ್ಲ. ಆದರೂ ಅದು ನಿಂತಿಲ್ಲ. ಏಕೆ ನಿಂತಿಲ್ಲ ಎಂಬ ಪ್ರಶ್ನೆಯನ್ನು ಬಗೆಯುತ್ತ ಹೋದರೆ ಕೊನೆಗೆ ಸಿಗುವುದು ಸೂರ್ಯನಲ್ಲ, ಗಡಿಯಾರವೂ ಅಲ್ಲ; ಕತ್ತಲಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಸ್ಕೂಲ್ ಬಸ್ಸಿಗೆ ಕಾಯುತ್ತ ನಿಂತ ಒಂದು ಮಗು.

ಗಡಿಯಾರ ತಿರುಗಿಸುವ ಅಗತ್ಯವೇನೆಂದು ಕರ್ನಾಟಕದ ಓದುಗರು ಕೇಳಿದರೆ ತಪ್ಪಿಲ್ಲ. ಬೆಂಗಳೂರು ಭೂಮಧ್ಯರೇಖೆಯಿಂದ ಕೇವಲ 13 ಡಿಗ್ರಿ ಉತ್ತರಕ್ಕಿದೆ. ಇಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲು ಹದಿಮೂರು ಗಂಟೆಗೆ ಸ್ವಲ್ಪ ಕಡಿಮೆ. ಡಿಸೆಂಬರಿನ ಅತಿ ಚಿಕ್ಕ ಹಗಲು ಹನ್ನೊಂದೂಕಾಲು ಗಂಟೆಗೆ ತುಸು ಹೆಚ್ಚು. ನಡುವಿನ ವ್ಯತ್ಯಾಸ ಒಂದೂವರೆ ಗಂಟೆ. ಭೂಮಿಯ ಅಕ್ಷ 23.5 ಡಿಗ್ರಿ ವಾಲಿರುವುದರಿಂದ ಧ್ರುವದ ಕಡೆ ಹೋದಷ್ಟೂ ಈ ವ್ಯತ್ಯಾಸ ಹಿಗ್ಗುತ್ತದೆ. ಲಂಡನ್ ಇರುವುದು 51.5 ಡಿಗ್ರಿಯಲ್ಲಿ. ಅಲ್ಲಿ ಜೂನ್ ಹಗಲು ಹದಿನಾರೂವರೆ ಗಂಟೆ ದಾಟುತ್ತದೆ, ಡಿಸೆಂಬರ್ ಹಗಲು ಎಂಟು ಗಂಟೆಯೂ ತುಂಬುವುದಿಲ್ಲ. ಗಡಿಯಾರ ಮುಟ್ಟದೆ ಬಿಟ್ಟರೆ ಜೂನ್‌ನಲ್ಲಿ ಲಂಡನ್ನಿನ ಸೂರ್ಯ ಬೆಳಗ್ಗೆ ಮೂರೂ ಮುಕ್ಕಾಲಿಗೇ ಎದ್ದು ಕೂರುತ್ತಾನೆ. ಆ ಹೊತ್ತಿನಲ್ಲಿ ಅವನ ಬೆಳಕು ಯಾರಿಗೆ ಬೇಕು? ಹಾಲಿನವನಿಗೂ ಬೇಡ.

ಹಾಗೆ ವ್ಯರ್ಥವಾಗುವ ಬೆಳಕನ್ನು ಕಂಡು ಕರುಬಿದವರಲ್ಲಿ ಮೊದಲಿಗ ನ್ಯೂಜಿಲೆಂಡಿನ ಜಾರ್ಜ್ ಹಡ್ಸನ್. ಅಂಚೆ ಇಲಾಖೆಯ ನೌಕರ. ಹುಳುಹುಪ್ಪಟೆ ಹಿಡಿದು ಅಭ್ಯಾಸ ಮಾಡುವುದು ಅವನ ಹುಚ್ಚು. ಕೆಲಸ ಮುಗಿದ ಮೇಲೆ ಹುಳು ಹುಡುಕಲು ಇನ್ನಷ್ಟು ಬೆಳಕು ಸಿಗುವಂತಿದ್ದರೆ ಎಂಬ ಆಸೆ ಅವನದು. ಬೇಸಿಗೆಯಲ್ಲಿ ಗಡಿಯಾರವನ್ನು ಎರಡು ಗಂಟೆ ಮುಂದಿಡೋಣವೆಂದು 1895ರಲ್ಲಿ ವೆಲ್ಲಿಂಗ್ಟನ್ನಿನ ವಿದ್ವತ್ ಸಭೆಯೊಂದರಲ್ಲಿ ಲೇಖನ ಓದಿದ. ಸಭಿಕರು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಆದರೆ ಆತ ದೀರ್ಘಾಯುಷಿ. 1927ರಲ್ಲಿ ತನ್ನ ದೇಶ ಬೇಸಿಗೆ ವೇಳೆಯನ್ನು ಜಾರಿಗೆ ತಂದದ್ದನ್ನು ಕಣ್ಣಾರೆ ಕಂಡ.

ಇಂಗ್ಲೆಂಡಿನ ವಿಲಿಯಂ ವಿಲೆಟ್‌ಗೆ ಆ ಭಾಗ್ಯವಿರಲಿಲ್ಲ. ಅವನು ಮನೆ ಕಟ್ಟಿಸುವ ಕಂಟ್ರಾಕ್ಟರು. ಬೇಸಿಗೆಯ ಬೆಳಗ್ಗೆ ಕುದುರೆ ಏರಿ ಹೊರಟಾಗ ಎಲ್ಲ ಮನೆಗಳ ಕಿಟಕಿ ಪರದೆಗಳೂ ಮುಚ್ಚಿರುವುದನ್ನು ನೋಡಿ ಹೊಟ್ಟೆ ಉರಿದುಕೊಂಡನಂತೆ. ‘ಹಗಲಿನ ದುಂದು’ ಎಂಬರ್ಥದ ಹೆಸರಿಟ್ಟು 1907ರಲ್ಲಿ ಒಂದು ಕಿರುಹೊತ್ತಿಗೆ ಅಚ್ಚು ಹಾಕಿಸಿದ. ಏಪ್ರಿಲ್‌ನ ನಾಲ್ಕು ಭಾನುವಾರ ಇಪ್ಪತ್ತಿಪ್ಪತ್ತು ನಿಮಿಷ ಮುಂದಿಡುವುದು, ಸೆಪ್ಟೆಂಬರಿನ ನಾಲ್ಕು ಭಾನುವಾರ ಅಷ್ಟಷ್ಟೇ ಹಿಂದಿಡುವುದು ಅವನ ಯೋಜನೆ. ವರ್ಷಕ್ಕೆ ಎಂಟು ಸಲ! ಮಸೂದೆಯೇನೋ 1908ರಲ್ಲಿ ಪಾರ್ಲಿಮೆಂಟಿಗೆ ಬಂತು, ಪಾಸಾಗಲಿಲ್ಲ. ವಿಲೆಟ್ 1915ರಲ್ಲಿ ತೀರಿಕೊಂಡ. ಮರುವರ್ಷವೇ ಗಡಿಯಾರಗಳು ತಿರುಗಿದವು. ತಿರುಗಿಸಿದ್ದು ಹುಳು ಹಿಡಿಯುವವರೂ ಅಲ್ಲ, ಕುದುರೆ ಏರುವವರೂ ಅಲ್ಲ, ಯುದ್ಧ. ಕಲ್ಲಿದ್ದಲು ಉಳಿಸಲು ಜರ್ಮನಿ 1916ರ ಏಪ್ರಿಲ್ 30ರಂದು ಗಡಿಯಾರ ಮುಂದಿಟ್ಟಿತು. ಮೂರೇ ವಾರದಲ್ಲಿ ಅದರ ಶತ್ರುವಾದ ಬ್ರಿಟನ್ ಕೂಡ ಹಾಗೇ ಮಾಡಿತು. ವಿಲೆಟ್‌ನ ನೆನಪಿಗೆ ಲಂಡನ್ ಬಳಿಯ ಪೆಟ್ಸ್ ವುಡ್‌ನಲ್ಲಿ ಒಂದು ಸೂರ್ಯ ಗಡಿಯಾರ ನಿಲ್ಲಿಸಿದ್ದಾರೆ. ಅದು ತೋರಿಸುವುದು ಬೇಸಿಗೆ ವೇಳೆಯನ್ನು ಮಾತ್ರ.

ಎರಡನೇ ಮಹಾಯುದ್ಧದಲ್ಲಿ ಇದು ಮತ್ತೆ ಬಂತು. ಆಗ ಭಾರತದ ಗಡಿಯಾರವೂ ತಪ್ಪಿಸಿಕೊಳ್ಳಲಿಲ್ಲ. 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್‌ವರೆಗೆ ಇಲ್ಲಿಯೂ ಒಂದು ಗಂಟೆ ಮುಂದಿಟ್ಟಿದ್ದರು. ಯುದ್ಧ ಮುಗಿದ ಮೇಲೆ ಬಿಟ್ಟರು. ಮತ್ತೆ ಅದರ ಸುದ್ದಿಗೆ ಹೋಗದಿದ್ದುದು ಒಳ್ಳೆಯದೇ ಆಯಿತು.

ಸರಿ, ಇಂಧನ ಉಳಿಯುತ್ತದೆಂದು ಹುಟ್ಟಿದ ಪದ್ಧತಿ ಇದು. ಉಳಿಯುತ್ತದೆಯೆ? ಮೇಣದ ಬತ್ತಿಯ ಕಾಲದಲ್ಲೂ ಬಲ್ಬಿನ ಕಾಲದಲ್ಲೂ ಉಳಿಯುತ್ತಿತ್ತೇನೊ. ಈಗ ಮನೆಯಲ್ಲಿ ಕರೆಂಟು ತಿನ್ನುವುದು ದೀಪ ಒಂದೇ ಅಲ್ಲವಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಬಹುತೇಕ ಜಿಲ್ಲೆಗಳು ಗಡಿಯಾರ ಮುಟ್ಟುತ್ತಿರಲಿಲ್ಲ. 2006ರಲ್ಲಿ ಇಡೀ ರಾಜ್ಯಕ್ಕೆ ಅದನ್ನು ಕಡ್ಡಾಯ ಮಾಡಿದಾಗ ಅರ್ಥಶಾಸ್ತ್ರಜ್ಞರಿಗೆ ಹಿಂದು-ಮುಂದಿನ ಬಿಲ್ಲುಗಳನ್ನು ಹೋಲಿಸುವ ಸದವಕಾಶ ಸಿಕ್ಕಿತು. ಮನೆಗಳ ವಿದ್ಯುತ್ ಬಳಕೆ ಕಡಿಮೆಯಾಗುವ ಬದಲು ಶೇಕಡಾ ಒಂದರಷ್ಟು ಹೆಚ್ಚಿತ್ತು! ದೀಪದಲ್ಲಿ ಉಳಿದದ್ದನ್ನು ಬಿಸಿಲಿರುವ ಸಂಜೆಯ ಏರ್ ಕಂಡೀಷನರ್ ನುಂಗಿಹಾಕಿತ್ತು. ಅತ್ತ ಅಮೆರಿಕದ ಇಂಧನ ಇಲಾಖೆ 2008ರಲ್ಲಿ ಕೊಟ್ಟ ವರದಿಯಲ್ಲಿ ಉಳಿತಾಯ ಕಂಡದ್ದು ನಿಜ. ಬೇಸಿಗೆ ವೇಳೆಯನ್ನು ವಿಸ್ತರಿಸಿದ ಆ ಕೆಲವು ವಾರಗಳಲ್ಲಿ ದಿನಕ್ಕೆ ಶೇಕಡಾ ಅರ್ಧದಷ್ಟು. ಇಡೀ ವರ್ಷಕ್ಕೆ ಹಂಚಿದರೆ ಶೇಕಡಾ 0.03. ಇಷ್ಟಕ್ಕಾಗಿ ಕೋಟ್ಯಂತರ ಜನರನ್ನು ನಿದ್ದೆಯಿಂದ ಎಬ್ಬಿಸಬೇಕೆ ಎಂಬ ಪ್ರಶ್ನೆ ಏಳದೆ ಇರುತ್ತದೆಯೆ?

ನಿದ್ದೆಯ ಮಾತು ಬಂತು. ಮನುಷ್ಯನ ಮಿದುಳಿನಲ್ಲಿ, ಎರಡು ಕಣ್ಣುಗಳಿಂದ ಬರುವ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆಯೇ, ಒಂದು ಪುಟ್ಟ ಜೀವಕೋಶಗಳ ಗುಂಪಿದೆ. ಅದೇ ದೇಹದ ಗಡಿಯಾರ. ಯಾವಾಗ ನಿದ್ದೆ, ಯಾವಾಗ ಎಚ್ಚರ, ಯಾವಾಗ ಹಸಿವು ಎಂಬುದನ್ನು ಅದು ನಡೆಸುತ್ತದೆ. ಕೋಶದೊಳಗೆ ಈ ಗಡಿಯಾರ ಹೇಗೆ ಓಡುತ್ತದೆಂದು ಪತ್ತೆ ಹಚ್ಚಿದ್ದಕ್ಕಾಗಿ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್, ಮೈಕೆಲ್ ಯಂಗ್ ಎಂಬ ಮೂವರಿಗೆ 2017ರ ನೊಬೆಲ್ ಬಹುಮಾನ ಬಂತು. ಗೋಡೆ ಗಡಿಯಾರಕ್ಕೆ ಕೀಲಿ ಕೊಡುವವರು ಮನೆಯವರು. ದೇಹದ ಗಡಿಯಾರವನ್ನು ದಿನದಿನವೂ ಸರಿಪಡಿಸುವುದು ಮುಖ್ಯವಾಗಿ ಬೆಳಗಿನ ಬೆಳಕು. ಸರ್ಕಾರದ ಆದೇಶ ಅದಕ್ಕೆ ತಿಳಿಯುವುದಿಲ್ಲ. ಮಾರ್ಚ್ ತಿಂಗಳಲ್ಲಿ ಗಡಿಯಾರ ಜಿಗಿದ ಮೇಲೆ ದೇಹ ಹೊಂದಿಕೊಳ್ಳಲು ಕೆಲವು ದಿನ ಬೇಕಾಗುತ್ತದೆ. ಆ ವಾರ ಅಮೆರಿಕದ ರಸ್ತೆಗಳಲ್ಲಿ ಸಾವು ತರುವ ಅಪಘಾತಗಳು ಶೇಕಡಾ ಆರರಷ್ಟು ಹೆಚ್ಚುತ್ತವೆಂದು, ಎರಡು ದಶಕಗಳ ದಾಖಲೆ ಜಾಲಾಡಿದ ಅಧ್ಯಯನವೊಂದು 2020ರಲ್ಲಿ ಹೇಳಿತು. ಮಿಷಿಗನ್ ರಾಜ್ಯದಲ್ಲಿ ಗಡಿಯಾರ ಮುಂದಿಟ್ಟ ಮರುದಿನ, ಸೋಮವಾರ, ಹೃದಯಾಘಾತವಾಗಿ ಆಸ್ಪತ್ರೆಗೆ ಬಂದವರ ಸಂಖ್ಯೆ ಶೇಕಡಾ 24ರಷ್ಟು ಏರಿದ್ದು 2014ರ ಇನ್ನೊಂದು ವರದಿ. ಈ ಎರಡನೆಯ ಅಂಕಿಯನ್ನು ಪತ್ರಿಕೆಗಳು ಬಹಳ ಸಲ ಅಚ್ಚು ಹಾಕಿವೆ. ಅದೇ ವರದಿಯಲ್ಲಿದ್ದ ಮುಂದಿನ ಮಾತನ್ನು ಮಾತ್ರ ಬಿಟ್ಟಿವೆ. ವಾರದ ಒಟ್ಟು ಲೆಕ್ಕ ಹಾಕಿದರೆ ಸಂಖ್ಯೆಯಲ್ಲಿ ಏನೂ ಹೆಚ್ಚಳವಿರಲಿಲ್ಲ. ಹೇಗೂ ಆಗಲಿದ್ದ ಆಘಾತ ಒಂದೆರಡು ದಿನ ಮುಂಚೆ ಆಗಿತ್ತು. ವಿದ್ಯಾರ್ಥಿಗಳು ಅಂಕಿ ಅಂಶ ಓದುವಾಗ ಮುಂದಿನ ಸಾಲನ್ನೂ ಓದುವ ಅಭ್ಯಾಸ ಇಟ್ಟುಕೊಳ್ಳಬೇಕಾದದ್ದು ಇದಕ್ಕೇ.

ಅಂತೂ ಲಾಭ ಅಲ್ಪ, ಕಿರಿಕಿರಿ ಹೆಚ್ಚು ಎಂಬುದು ಸ್ಪಷ್ಟವಾಯಿತು. 2018ರ ಜುಲೈ-ಆಗಸ್ಟ್‌ನಲ್ಲಿ ಐರೋಪ್ಯ ಒಕ್ಕೂಟ ತನ್ನ ಜನರ ಅಭಿಪ್ರಾಯ ಕೇಳಿತು. 46 ಲಕ್ಷ ಉತ್ತರಗಳು ಬಂದವು. ಒಕ್ಕೂಟ ಅಲ್ಲಿಯವರೆಗೆ ಕೇಳಿದ ಯಾವ ಪ್ರಶ್ನೆಗೂ ಅಷ್ಟು ಉತ್ತರ ಬಂದಿರಲಿಲ್ಲ. ಶೇಕಡಾ 84 ಮಂದಿ ‘ನಿಲ್ಲಿಸಿ’ ಎಂದರು. 2019ರ ಮಾರ್ಚ್ 26ರಂದು ಐರೋಪ್ಯ ಪಾರ್ಲಿಮೆಂಟು 410-192 ಮತಗಳಿಂದ, 2021ಕ್ಕೆ ಗಡಿಯಾರ ತಿರುಗಿಸುವುದಕ್ಕೆ ಮಂಗಳ ಹಾಡುವ ಪರವಾಗಿ ನಿಂತಿತು. 2021 ಬಂತು, ಹೋಯಿತು. ಗಡಿಯಾರ ತಿರುಗುತ್ತಲೇ ಇತ್ತು. ಸದಸ್ಯ ರಾಷ್ಟ್ರಗಳು ಒಮ್ಮತಕ್ಕೆ ಬರಲಿಲ್ಲ. ‘ಇನ್ನೂ ಏಕೆ ನಿಲ್ಲಿಸಿಲ್ಲ?’ ಎಂದು 2025ರ ಅಕ್ಟೋಬರಿನಲ್ಲಿ ಸ್ಪೇನಿನ ಪ್ರಧಾನಿ ಪೆಡ್ರೊ ಸಾಂಚೆಝ್ ಮತ್ತೆ ಮಾತೆತ್ತಬೇಕಾಯಿತು.

ಒಮ್ಮತ ಬರದಿರುವುದಕ್ಕೆ ಕಾರಣ ಚಿಕ್ಕ ಮಕ್ಕಳಿಗೂ ಅರ್ಥವಾಗುವಂಥದು. ತಿರುಗಿಸುವುದನ್ನು ನಿಲ್ಲಿಸುವುದೆಂದರೆ ಗಡಿಯಾರವನ್ನು ಎಲ್ಲಿ ನಿಲ್ಲಿಸುವುದು? ಬೇಸಿಗೆಯ ಗಂಟೆಯಲ್ಲೋ, ಚಳಿಗಾಲದ ಗಂಟೆಯಲ್ಲೋ? ಉತ್ತರ ಕೊಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವರ್ಷವಿಡೀ ಬೇಸಿಗೆ ವೇಳೆಯೇ ಇರಲಿ ಎಂದಿದ್ದರು. ಪ್ರಶ್ನೆ ಕೇಳಿದ್ದು ಜುಲೈ-ಆಗಸ್ಟ್‌ನಲ್ಲಿ ಎಂಬುದನ್ನು ಮರೆಯಬಾರದು. ರಾತ್ರಿ ಒಂಬತ್ತರವರೆಗೆ ತೋಟದಲ್ಲಿ ಕುಳಿತು ಹರಟುವ ಕಾಲ ಅದು. ಡಿಸೆಂಬರಿನ ಬೆಳಗ್ಗೆ ಎಂಟು ಗಂಟೆಗೆ ಕೇಳಿದ್ದರೆ ಉತ್ತರ ಬೇರೆಯೇ ಇರುತ್ತಿತ್ತೇನೊ. ಇನ್ನೊಂದು ಮಾತು: 46 ಲಕ್ಷದಲ್ಲಿ 30 ಲಕ್ಷ ಉತ್ತರಗಳು ಜರ್ಮನಿ ಒಂದರಿಂದಲೇ ಬಂದಿದ್ದವು.

ಕನ್ನಡದ ಮಕ್ಕಳಿಗೆಲ್ಲ ಒಂದು ಅಜ್ಜಿಯ ಕತೆ ಗೊತ್ತು. ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆಂದು ನಂಬಿದ್ದ ಅಜ್ಜಿ ಆಕೆ. ಊರವರ ಮೇಲೆ ಮುನಿಸಿಕೊಂಡು, ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಕಾಡಿಗೆ ಹೊರಟುಹೋದಳು. ಊರಿಗೆ ಎಂದಿನಂತೆ ಬೆಳಗಾಯಿತು. ಬೇಸಿಗೆ ವೇಳೆಯನ್ನು ಕಾಯಂ ಮಾಡಿದರೆ ಚಳಿಗಾಲದ ಸಂಜೆಗೂ ಬೆಳಕು ಬರುತ್ತದೆನ್ನುವವರ ಕಂಕುಳಲ್ಲೂ ಒಂದು ಕೋಳಿಯಿದೆ. ಡಿಸೆಂಬರಿನ ಎಂಟು ಗಂಟೆಯ ಬೆಳಕು ಎಂಟು ಗಂಟೆಯೇ. ಸಂಜೆಗೆ ಕೊಟ್ಟ ಒಂದು ಗಂಟೆಯನ್ನು ಬೆಳಗ್ಗೆಯಿಂದ ಕಿತ್ತುಕೊಳ್ಳಬೇಕು. ಬೆಳಗ್ಗೆ ಕತ್ತಲಲ್ಲಿ ಮನೆ ಬಿಡುವವರು ಯಾರು ಎಂಬುದೇ ಪ್ರಶ್ನೆ.

ಇದನ್ನು ಊಹಿಸಿ ಹೇಳಬೇಕಾಗಿಲ್ಲ. ಎರಡು ದೇಶಗಳು ಮಾಡಿ ನೋಡಿವೆ.

ಬ್ರಿಟನ್ 1968ರ ಫೆಬ್ರವರಿಯಲ್ಲಿ ಮುಂದಿಟ್ಟ ಗಡಿಯಾರವನ್ನು ಆ ಅಕ್ಟೋಬರಿನಲ್ಲಿ ಹಿಂದಿಡಲಿಲ್ಲ. ಮೂರು ಚಳಿಗಾಲ ಹಾಗೇ ಬಿಟ್ಟರು. ಲಂಡನ್ನಿನಲ್ಲಿ ಡಿಸೆಂಬರಿನ ಸೂರ್ಯೋದಯ ಒಂಬತ್ತು ದಾಟಿತು. ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಒಂಬತ್ತೂ ಮುಕ್ಕಾಲು. ಅಲ್ಲಿಂದ ಇನ್ನೂ ಉತ್ತರಕ್ಕೆ ಹೋದರೆ ಹತ್ತು ಗಂಟೆ. ಮೊದಲ ಪಾಠ ಮುಗಿದ ಮೇಲೆ ಸೂರ್ಯನ ಹಾಜರಿ! ಕತ್ತಲಲ್ಲಿ ಶಾಲೆಗೆ ಹೋಗುವ ಮಕ್ಕಳು ವಾಹನದವರಿಗೆ ಕಾಣಲೆಂದು ತೋಳಿಗೆ ಹೊಳೆಯುವ ಪಟ್ಟಿ ಕಟ್ಟಿದರು. ಹೈನುಗಾರರು ಗೊಣಗಿದರು, ಕಟ್ಟಡ ಕೆಲಸದವರು ಗೊಣಗಿದರು. ಬೆಳಗಿನ ಅಪಘಾತದಲ್ಲಿ ಮಗುವೊಂದಕ್ಕೆ ಪೆಟ್ಟಾದರೆ ಅದು ದೊಡ್ಡ ಸುದ್ದಿಯಾಗುತ್ತಿತ್ತು. 1970ರ ಡಿಸೆಂಬರಿನಲ್ಲಿ ಹೌಸ್ ಆಫ್ ಕಾಮನ್ಸ್ 366-81 ಮತಗಳಿಂದ ಪ್ರಯೋಗಕ್ಕೆ ತೆರೆ ಎಳೆಯಿತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆ ಮೂರು ಚಳಿಗಾಲಗಳ ಲೆಕ್ಕ ತೆಗೆದಾಗ ಬೆಳಗಿನ ಅಪಘಾತ ಹೆಚ್ಚಿದ್ದು ನಿಜವೆಂದು ಕಂಡಿತು. ಆದರೆ ಸಂಜೆಯ ಅಪಘಾತಗಳು ಅದಕ್ಕಿಂತ ಹೆಚ್ಚಾಗಿ ಇಳಿದಿದ್ದವು. ಒಟ್ಟಿನಲ್ಲಿ ಜೀವ ಉಳಿದಿತ್ತು. ಕುಡಿದು ಗಾಡಿ ಓಡಿಸುವವರನ್ನು ಉಸಿರು ಪರೀಕ್ಷಿಸಿ ಹಿಡಿಯುವ ಕಾನೂನು 1967ರಲ್ಲೇ ಬಂದಿತ್ತು, ಇಳಿಕೆ ಅದರಿಂದಲೂ ಆಗಿರಬಹುದೆಂದು ವಾದಿಸಿದವರಿದ್ದಾರೆ. ಆ ವಾದದಲ್ಲಿ ಹುರುಳಿದೆ. ಆದರೂ ಇಳಿಕೆಯನ್ನು ಪೂರ್ತಿ ಅದರ ಲೆಕ್ಕಕ್ಕೆ ಬರೆಯುವುದು ಕಷ್ಟ. ಹಾಗಾದರೆ ಜನ ಏಕೆ ಒಪ್ಪಲಿಲ್ಲ? ಬೆಳಗ್ಗೆ ರಸ್ತೆಯಲ್ಲಿ ಬಿದ್ದ ಮಗುವಿಗೆ ಒಂದು ಹೆಸರಿದೆ, ಅತ್ತು ಕರೆಯುವ ತಾಯಿಯಿದ್ದಾಳೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಸಂಜೆ ಬೆಳಕಿದ್ದ ಕಾರಣ ಸುರಕ್ಷಿತವಾಗಿ ಮನೆ ಸೇರಿದ ಮಗು ಯಾವುದೆಂದು ಅದರ ತಾಯಿಗೂ ಗೊತ್ತಾಗುವುದಿಲ್ಲ. ಅದು ಚೀಲ ಬಿಸಾಕಿ ತಿಂಡಿ ಕೇಳುತ್ತದೆ, ಅಷ್ಟೆ.

ಅಮೆರಿಕದ ಪ್ರಯೋಗ ಇನ್ನೂ ಬೇಗ ಮುಗಿಯಿತು. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ನಿಲ್ಲಿಸಿದಾಗ ಪೆಟ್ರೋಲ್ ಬಂಕುಗಳ ಮುಂದೆ ಕಾರುಗಳ ಸಾಲು ಬೆಳೆಯಿತು. ಇಂಧನ ಉಳಿಸಲು ಇನ್ನು ವರ್ಷವಿಡೀ ಬೇಸಿಗೆ ವೇಳೆಯೆಂಬ ಕಾನೂನಿಗೆ ಅಧ್ಯಕ್ಷ ನಿಕ್ಸನ್ ಡಿಸೆಂಬರಿನಲ್ಲಿ ಸಹಿ ಹಾಕಿದರು. ಆಗ ಸಮೀಕ್ಷೆಯಲ್ಲಿ ಶೇಕಡಾ 79 ಜನ ಅದರ ಪರ. 1974ರ ಜನವರಿ 6ರಂದು, ಚಳಿಗಾಲದ ನಟ್ಟನಡುವೆ, ಗಡಿಯಾರ ಮುಂದಕ್ಕೆ ಹೋಯಿತು. ರಾಜಧಾನಿ ವಾಷಿಂಗ್ಟನ್ನಿನಲ್ಲೇ ಸೂರ್ಯ ಹುಟ್ಟುವುದು ಎಂಟೂವರೆಯ ಆಸುಪಾಸಿಗೆ ಹೋಯಿತು. ಮರುದಿನ ಸೋಮವಾರ, ಮಕ್ಕಳು ಕೈಯಲ್ಲಿ ಟಾರ್ಚು ಹಿಡಿದು ಬಸ್ ಸ್ಟಾಪಿಗೆ ಹೊರಟರು. ಕೆಲವೇ ವಾರಗಳಲ್ಲಿ ಫ್ಲಾರಿಡಾದಿಂದ ಶಾಲಾಮಕ್ಕಳು ಕತ್ತಲಲ್ಲಿ ವಾಹನಗಳಡಿ ಸಿಕ್ಕು ಸತ್ತ ಸುದ್ದಿಗಳು ಬಂದವು. ಕಾನೂನು ರದ್ದು ಮಾಡಿ ಎಂದು ಆ ರಾಜ್ಯದ ಗವರ್ನರ್ ರೂಬಿನ್ ಆಸ್ಕ್ಯೂ ಒತ್ತಾಯಿಸಿದರು. ಹಲವೆಡೆ ಶಾಲೆಗಳು ಗಂಟೆ ಬಾರಿಸುವ ಹೊತ್ತನ್ನೇ ಮುಂದೂಡಿದವು. ಫೆಬ್ರವರಿ ಹೊತ್ತಿಗೆ ಪರವಾಗಿದ್ದವರು ಶೇಕಡಾ 42ಕ್ಕೆ ಇಳಿದಿದ್ದರು. ಎರಡು ವರ್ಷದ ಕರಾರಿನ ಪ್ರಯೋಗ ಎರಡನೇ ಚಳಿಗಾಲವನ್ನೂ ಕಾಣಲಿಲ್ಲ. ಅಷ್ಟರಲ್ಲಿ ನಿಕ್ಸನ್ ಹೋಗಿ ಫೋರ್ಡ್ ಬಂದಿದ್ದರು. ಅಕ್ಟೋಬರಿನಲ್ಲಿ ಅವರು ತಿದ್ದುಪಡಿಗೆ ಸಹಿ ಹಾಕಿ, ಚಳಿಗಾಲಕ್ಕೆ ಹಳೆಯ ಗಂಟೆಯನ್ನು ಮರಳಿಸಿದರು.

ರಷ್ಯಾ ಇವೆರಡರಿಂದ ಪಾಠ ಕಲಿತಿರಬಹುದೆಂದುಕೊಂಡರೆ ಅದೂ ಇಲ್ಲ. 2011ರಲ್ಲಿ ಅಧ್ಯಕ್ಷ ಮೆಡ್ವೆಡೆವ್ ಬೇಸಿಗೆ ವೇಳೆಯನ್ನು ಕಾಯಂ ಮಾಡಿದರು. ಮಾಸ್ಕೊದಲ್ಲಿ ಡಿಸೆಂಬರಿನ ಬೆಳಕು ಹತ್ತು ಗಂಟೆಗೆ ಹರಿಯತೊಡಗಿತು. ಜನ ಬೇಸತ್ತರು. 2014ರ ಅಕ್ಟೋಬರಿನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿ ಅಲ್ಲೇ ನಿಂತಿತು, ಮತ್ತೆ ಕದಲಿಲ್ಲ.

ಹಾಗಿದ್ದರೆ ಉಳಿದವರೂ ಚಳಿಗಾಲದ ಗಂಟೆಯಲ್ಲೇ ನಿಂತುಬಿಡಬಹುದಲ್ಲ? ನಿದ್ದೆಯ ವಿಷಯ ಬಲ್ಲ ವೈದ್ಯರ ಸಲಹೆಯೂ ಅದೇ. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2020ರಲ್ಲಿ, ತಿರುಗಿಸುವುದನ್ನು ಬಿಟ್ಟು ಕಾಯಂ ಸ್ಟ್ಯಾಂಡರ್ಡ್ ಟೈಮ್ ಇರಲಿ ಎಂದು ಸ್ಪಷ್ಟವಾಗಿ ಹೇಳಿತು. ಮಕ್ಕಳ ದೃಷ್ಟಿಯಿಂದ ನೋಡಿದರೆ ಆ ಸಲಹೆಯೇ ಹೆಚ್ಚು ಒಪ್ಪಿಗೆಯಾಗುವಂಥದು. ಆದರೆ ನಕಾಶೆ ಬಿಡಿಸಿಟ್ಟುಕೊಂಡು ನೋಡಿದರೆ ತೊಡಕು ತಿಳಿಯುತ್ತದೆ. ಸ್ಪೇನಿನ ಪಶ್ಚಿಮ ಕರಾವಳಿಯಿಂದ ಪೋಲೆಂಡಿನ ಪೂರ್ವ ಗಡಿಯವರೆಗೆ ಒಂದೇ ಕಾಲವಲಯ. ಸ್ಪೇನ್ ಇರುವುದು ಬಹುಮಟ್ಟಿಗೆ ಗ್ರೀನಿಚ್‌ನ ನೇರಕ್ಕೆ, ಅದಕ್ಕಿಂತ ಪಶ್ಚಿಮಕ್ಕೇ ಎನ್ನಬೇಕು. ಆದರೂ 1940ರಲ್ಲಿ ಜನರಲ್ ಫ್ರಾಂಕೊ ಆಳ್ವಿಕೆಯಲ್ಲಿ ಜರ್ಮನಿಯ ಗಂಟೆಗೆ ಹೊಂದಿಸಿಟ್ಟ ಗಡಿಯಾರ ಹಾಗೇ ಉಳಿದುಬಂದಿದೆ. ಪಶ್ಚಿಮ ತುದಿಯ ವೀಗೊ ನಗರದಲ್ಲಿ ಚಳಿಗಾಲದ ಸೂರ್ಯ ಈಗಲೇ ಏಳುವುದು ಒಂಬತ್ತಕ್ಕೆ. ಬೇಸಿಗೆ ವೇಳೆ ಕಾಯಂ ಆದರೆ ಹತ್ತಕ್ಕೆ. ಅದು ಬೇಡವೆಂದು ಚಳಿಗಾಲದ ಗಂಟೆಯನ್ನೇ ಕಾಯಂ ಮಾಡಿದರೆ ಪೋಲೆಂಡಿನ ಪೂರ್ವದಂಚಿನಲ್ಲಿ ಜೂನ್ ಸೂರ್ಯ ಬೆಳಗಿನ ಜಾವ ಮೂರಕ್ಕೇ ಕಿಟಕಿ ಬಡಿಯುತ್ತಾನೆ. ಒಬ್ಬರ ಕಜ್ಜಾಯ ಇನ್ನೊಬ್ಬರಿಗೆ ಕಷಾಯ.

ಪ್ರತಿ ದೇಶವೂ ತನಗೆ ಬೇಕಾದ್ದನ್ನು ಆರಿಸಿಕೊಳ್ಳಲಿ ಎಂದರೆ ಇನ್ನೊಂದು ಗೋಜಲು. ಬೆಲ್ಜಿಯಂ ಒಂದು ಗಂಟೆ, ಹಾಲೆಂಡ್ ಇನ್ನೊಂದು ಗಂಟೆ ಹಿಡಿದರೆ ಗಡಿ ದಾಟಿ ಕೆಲಸಕ್ಕೆ ಹೋಗುವವನ ಪಾಡೇನು? ಐರ್ಲೆಂಡ್ ದ್ವೀಪದ ಕತೆ ಇನ್ನೂ ಸೂಕ್ಷ್ಮ. ಅದರ ಉತ್ತರದ ತುಂಡು ಬ್ರಿಟನ್ನಿನದು. ಬ್ರಿಟನ್ ಐರೋಪ್ಯ ಒಕ್ಕೂಟದಿಂದ 2020ರಲ್ಲಿ ಹೊರಬಿದ್ದಿದೆ. ಒಕ್ಕೂಟ ಗಡಿಯಾರ ನಿಲ್ಲಿಸಿ, ಬ್ರಿಟನ್ ತಿರುಗಿಸುತ್ತಲೇ ಇದ್ದರೆ ಒಂದೇ ದ್ವೀಪದಲ್ಲಿ ವರ್ಷದ ಒಂದು ಭಾಗ ಎರಡು ಗಂಟೆಗಳು ನಡೆಯುತ್ತವೆ. ಎಷ್ಟೋ ನೆತ್ತರು ಹರಿದ ಮೇಲೆ ಹಗುರವಾದ ಗಡಿಯನ್ನು ಗಡಿಯಾರದಿಂದ ಮತ್ತೆ ಎಳೆಯುವುದಕ್ಕೆ ಐರಿಷ್ ಸರ್ಕಾರ ಒಪ್ಪದಿದ್ದರೆ ಆಶ್ಚರ್ಯವಿಲ್ಲ.

ಅಮೆರಿಕದಲ್ಲಿ ಕಟ್ಟು ಬೇರೆ ಥರದ್ದು. ಅಲ್ಲಿಯ ಕಾನೂನಿನ ಪ್ರಕಾರ ಯಾವ ರಾಜ್ಯವಾದರೂ ಕಾಯಂ ಸ್ಟ್ಯಾಂಡರ್ಡ್ ಟೈಮ್ ಇಟ್ಟುಕೊಳ್ಳಬಹುದು. ಹವಾಯಿ ಮತ್ತು ಬಹುತೇಕ ಅರಿಝೋನಾ ಹಾಗೆಯೇ ಇವೆ. ಕಾಯಂ ಬೇಸಿಗೆ ವೇಳೆಗೆ ಮಾತ್ರ ಕಾಂಗ್ರೆಸ್ಸಿನ ಅಪ್ಪಣೆ ಬೇಕು. 2022ರ ಮಾರ್ಚ್‌ನಲ್ಲಿ ಸೆನೆಟ್, ಯಾರೂ ಆಕ್ಷೇಪಿಸದ ಕಾರಣ ಮತ ಎಣಿಸದೆಯೇ, ಅಂಥ ಮಸೂದೆಯನ್ನು ದಾಟಿಸಿಬಿಟ್ಟಿತು. ಗಡಿಯಾರ ಮುಂದಿಟ್ಟು ಆಗಿನ್ನೂ ಎರಡು ದಿನ, ಸದಸ್ಯರು ನಿದ್ದೆಗಣ್ಣಲ್ಲಿದ್ದರೇನೊ! ಕೆಳಮನೆ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಅದೇ ವರ್ಷ ಪಕ್ಕದ ಮೆಕ್ಸಿಕೊ, ಗಡಿಯಂಚಿನ ಕೆಲವು ಊರುಗಳನ್ನು ಬಿಟ್ಟು, ಬೇಸಿಗೆ ವೇಳೆಗೆ ಪೂರ್ಣವಿರಾಮ ಹಾಕಿತು.

ಈ ಗಲಾಟೆಯ ಅಲೆ ಕರ್ನಾಟಕದವರೆಗೂ ತಣ್ಣಗೆ ಬಂದು ತಾಗುತ್ತದೆ. ನ್ಯೂಯಾರ್ಕಿನ ಮಗಳ ಫೋನಿಗೆ ಪ್ರತಿ ಭಾನುವಾರ ಬೆಳಗ್ಗೆ ಏಳಕ್ಕೆ ಕಾಯುವ ಮೈಸೂರಿನ ತಾಯಿ-ತಂದೆಗೆ ಇದು ಗೊತ್ತು. ಚಳಿಗಾಲದಲ್ಲಿ ಅಲ್ಲಿ ಶನಿವಾರ ರಾತ್ರಿ ಎಂಟೂವರೆ, ಮೊಮ್ಮಕ್ಕಳು ಇನ್ನೂ ಎದ್ದಿರುತ್ತಾರೆ. ಮಾರ್ಚ್ ಕಳೆಯಿತೆಂದರೆ ಅದೇ ಏಳು ಗಂಟೆಗೆ ಅಲ್ಲಿ ಒಂಬತ್ತೂವರೆ, ಮಕ್ಕಳು ಮಲಗಿಬಿಟ್ಟಿರುತ್ತಾರೆ. ಅಮೆರಿಕದ ಕಚೇರಿಗಳ ಹೊತ್ತಿಗೆ ದುಡಿಯುವ ಬೆಂಗಳೂರಿನವರ ಪಾಳಿಯೂ ನವೆಂಬರಿನಲ್ಲಿ ಒಂದು ಗಂಟೆ ಸರಿಯುತ್ತದೆ. ಅಲ್ಲಿ ಬೇಸಿಗೆಯಲ್ಲಿ ಹುಟ್ಟಿದ ಮೊಮ್ಮಗುವಿನ ಜಾತಕ ಬರೆಸುವವರು ಆ ಒಂದು ಗಂಟೆ ಕಳೆಯುವುದನ್ನು ಮರೆತರೆ ಲಗ್ನವೇ ತಪ್ಪೀತು.

ಕೊನೆಗೆ ಕ್ಯಾಲಿಫೋರ್ನಿಯಾದ ಒಂದು ಸಂಗತಿ. 2018ರ ನವೆಂಬರಿನಲ್ಲಿ ಅಲ್ಲಿಯ ಮತದಾರರು, ಕಾಂಗ್ರೆಸ್ ಒಪ್ಪಿದರೆ ಬೇಸಿಗೆ ವೇಳೆಯನ್ನು ಕಾಯಂ ಮಾಡುವ ಅಧಿಕಾರವನ್ನು ತಮ್ಮ ಶಾಸನಸಭೆಗೆ ಕೊಟ್ಟರು. ಆ ಅಧಿಕಾರ ಇಂದಿಗೂ ಕಪಾಟಿನಲ್ಲಿದೆ. ಆದರೆ ಮರುವರ್ಷ ಅದೇ ಶಾಸನಸಭೆ ಇನ್ನೊಂದು ಕಾನೂನು ಮಾಡಿತು. ಹದಿಹರೆಯದಲ್ಲಿ ದೇಹದ ಗಡಿಯಾರ ತಾನಾಗಿಯೇ ತಡವಾಗಿ ಓಡುತ್ತದೆ, ರಾತ್ರಿ ಬೇಗ ಮಲಗೆಂದರೂ ನಿದ್ದೆ ಬಾರದು, ಆದ್ದರಿಂದ ದೊಡ್ಡ ಮಕ್ಕಳ ಶಾಲೆಗಳು ಎಂಟೂವರೆಗೆ ಮುಂಚೆ ತೆರೆಯಬಾರದೆಂದು ಅಲ್ಲಿಯ ಮಕ್ಕಳ ವೈದ್ಯರ ಅಕಾಡೆಮಿ 2014ರಿಂದ ಹೇಳುತ್ತ ಬಂದಿತ್ತು. ಅದನ್ನು ಒಪ್ಪಿ, 2022ರ ಜುಲೈನಿಂದ ಹೈಸ್ಕೂಲುಗಳು ಎಂಟೂವರೆಗೆ, ಮಾಧ್ಯಮಿಕ ಶಾಲೆಗಳು ಎಂಟಕ್ಕೆ ಮೊದಲು ಶುರುವಾಗಕೂಡದೆಂದು ವಿಧಿಸಿದರು; ಹಳ್ಳಿಗಾಡಿನ ಕೆಲವು ಶಾಲೆಗಳಿಗೆ ಮಾತ್ರ ವಿನಾಯಿತಿ. ಬಸ್ಸುಗಳ ವೇಳೆ ಬದಲಾಯಿತು, ಕೆಲಸಕ್ಕೆ ಹೋಗುವ ತಂದೆತಾಯಿಗಳು ಗೊಣಗಿದರು, ಆಟದ ತಂಡಗಳವರು ಸಂಜೆ ಹೊತ್ತು ಸಾಲದೆಂದರು. ಆದರೂ ಗಂಟೆ ಎಂಟೂವರೆಗೇ ಬಾರಿಸುತ್ತಿದೆ. ಶಾಲೆಯ ಗೋಡೆಯ ಮೇಲಿನ ಗಡಿಯಾರವನ್ನು ಮಾತ್ರ ವರ್ಷಕ್ಕೆ ಎರಡು ಸಲ ಏಣಿ ಹಾಕಿ ತಿರುಗಿಸುವುದು ತಪ್ಪಿಲ್ಲ.